ಎರಡನೆಯವಳು ಯಾವಾಗಲೂ ಜೇನ್

ಕೀತ್ಲಿ
೧೩ ಜನವರಿ ೧೯೭೫

ಶ್ರೀಮತಿ ಮೆಟ್‌ಕಾಫ್ ಅವರಿಗೆ,

ನಿಮ್ಮ ಕ್ರಿಸ್‌ಮಸ್ ಕಾರ್ಡು ತಲುಪಿತು. ಈ ಪತ್ರ ಅದಕ್ಕೆ ಉತ್ತರವಲ್ಲ. ಐವತ್ತು ವರ್ಷದಿಂದ ಒಳಗೆ ಒಂದು ಸಾಲೂ ಬರೆಯದೆ ಕಾರ್ಡಿಗೆ ಕಾರ್ಡು ಕಳಿಸಿಕೊಂಡು ಬಂದಿದ್ದೇವೆ. ಅದು ಹಾಗೇ ನಡೆದುಕೊಂಡು ಹೋಗಿದ್ದರೂ ನನಗೇನೂ ಬೇಸರವಿರಲಿಲ್ಲ. ಬೆರಳ ಗಂಟುಗಳೆಲ್ಲ ಊದಿವೆ. ಪೆನ್ನು ಹಿಡಿಯುವುದೆಂದರೆ ಈಗ ನನಗೆ ಹಾಸಿಗೆ ಬಟ್ಟೆ ಹಿಂಡಿದಷ್ಟು ಕೆಲಸ. ಆದರೂ ಕೇಳಬೇಕಾದ ಮಾತೊಂದಿದೆ.

ಭಾನುವಾರ ಸಂಜೆ ಟಿ.ವಿ.ಯಲ್ಲಿ ಬರುವ 'ಥಾರ್ನ್‌ಲೀ ಮನೆತನ' ಧಾರಾವಾಹಿಯನ್ನು ನೀವೂ ನೋಡುತ್ತಿರಬೇಕು. ಇಡೀ ಇಂಗ್ಲೆಂಡೇ ಅದರ ಮುಂದೆ ಕೂತಿರುತ್ತದೆ. ನಾನು ನಗುವುದಕ್ಕೆಂದೇ ನೋಡುತ್ತಿದ್ದೆ. ಆ ಕೆಲಸದ ಹುಡುಗಿಯರ ಕೈ ಗಮನಿಸಿದಿರಾ? ಒಂದು ಉಗುರಿನಲ್ಲೂ ಒಲೆಯ ಮಸಿ ಇಲ್ಲ. ಧಣಿಯ ಮಗನ ಜೊತೆ ಮೆಟ್ಟಿಲ ಮೇಲೆ ನಿಂತು ಕಾಲು ಗಂಟೆ ಮಾತಾಡುತ್ತಾರೆ. ನಮ್ಮ ಕಾಲದಲ್ಲಿ ಧಣಿಗಳ ಮನೆಯವರು ಎದುರು ಬಂದರೆ ಗೋಡೆಗೆ ಮುಖ ಮಾಡಿ ನಿಲ್ಲಬೇಕಿತ್ತು. ಇವರು ಹೀಗೆ ಪ್ರೀತಿ ಮಾಡುತ್ತಾ ನಿಂತರೆ ಕೋಣೆ ಬೆಚ್ಚಗಿಡುವ ಹನ್ನೊಂದು ಒಲೆ ಯಾರು ಹಚ್ಚುತ್ತಾರೆ ಎಂದು ನನ್ನ ಮಗ ಲೆನ್‌ಗೆ ಹೇಳಿ ನಗುತ್ತಿದ್ದೆ. ಪ್ರತಿ ಭಾನುವಾರ ಅವನು ಬಂದು ನನ್ನ ಜೊತೆ ಕೂತು ನೋಡುತ್ತಾನೆ.

ನಿನ್ನೆ ಹೊಸ ಹುಡುಗಿಯೊಬ್ಬಳು ಆ ಮನೆಗೆ ಕೆಲಸಕ್ಕೆ ಬಂದಳು. ಹೆಸರು ಲಿಲಿ. ಮನೆವಾರ್ತೆ ನೋಡುವ ಹೆಂಗಸು ಅವಳನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಹೆಸರು ಲಿಲೀನೋ ಇನ್ನೊಂದೋ, ನಮಗದು ಬೇಕಾಗಿಲ್ಲ. ಈ ಮನೇಲಿ ಮೊದಲನೆಯವಳು ಮೇರಿ, ಎರಡನೆಯವಳು ಯಾವಾಗ್ಲೂ ಜೇನ್, ಮೂರನೆಯವಳು ಆನ್" ಎಂದಳು.

ಹೆರನ್‌ಬಿ ಹಾಲ್‌ನ ಅಡುಗೆಮನೆಯಲ್ಲಿ ೧೯೧೯ರಲ್ಲಿ ನನಗೆ ಹೇಳಿದ ಮಾತು ಇದು. ಹುಡುಗಿಯ ಹೆಸರೊಂದು ಬಿಟ್ಟರೆ ಒಂದಕ್ಷರ ಆಚೀಚೆ ಇಲ್ಲ. ಆಗ ಪಕ್ಕದಲ್ಲಿ ಕಲ್ಲಿದ್ದಲ ಬಕೆಟ್ ಹಿಡಿದು ನಿಂತಿದ್ದ ಆನ್ ನೀವೇ. ಆ ಅಡುಗೆಮನೆಯಲ್ಲಿದ್ದ ಉಳಿದವರೆಲ್ಲ ಸತ್ತುಹೋಗಿದ್ದಾರೆ.

ಲೆನ್ ಚಹಾ ಕಪ್ಪು ಕೆಳಗಿಟ್ಟ. ಧಾರಾವಾಹಿ ಮುಗಿಯುವ ಮೊದಲೇ ಕೋಟು ಹಾಕಿಕೊಂಡು ಹೊರಟ.

ಟಿ.ವಿ.ಯವರಿಗೆ ಹೇಳಿದ್ದು ನೀವೇನಾ? ಹೌದು ಅಥವಾ ಇಲ್ಲ, ಒಂದು ಕಾರ್ಡಿನಲ್ಲಿ ಬರೆದರೆ ಸಾಕು.

ಇತಿ,
ಓಲಿವ್ ಗಾರ್ಸೈಡ್


ಬ್ರಿಡ್ಲಿಂಗ್ಟನ್
೨೦ ಜನವರಿ

ಓಲಿವ್‌ಗೆ,

ನೀನು ನನ್ನನ್ನು 'ನೀವು' ಎಂದು ಬರೆದರೂ ನನಗೆ ನಿನ್ನನ್ನು ಹಾಗೆ ಕರೆಯಲು ಬರುವುದಿಲ್ಲ. ಎರಡು ಚಳಿಗಾಲ ಒಂದೇ ಮಂಚದಲ್ಲಿ ಮಲಗಿದವರು ನಾವು. ನಿನ್ನ ಮಂಜುಗಡ್ಡೆಯಂಥ ಪಾದಗಳನ್ನು ನನ್ನ ಬೆನ್ನು ಇನ್ನೂ ಮರೆತಿಲ್ಲ.

ಹೌದು. ನಾನೇ ಹೇಳಿದೆ.

ಕಾರ್ಡಿನಲ್ಲಿ ಇಷ್ಟೇ ಬರೆದು ಹಾಕಬಹುದಿತ್ತು, ಆಗಲಿಲ್ಲ. ಹೋದ ವರ್ಷ ಪೇಪರಿನಲ್ಲಿ ಒಂದು ಪ್ರಕಟಣೆ ಬಂದಿತ್ತು: ದೊಡ್ಡ ಮನೆಗಳಲ್ಲಿ ಕೆಲಸ ಮಾಡಿದ ಹಳಬರು ಯಾರಾದರೂ ಇದ್ದರೆ ಬರೆಯಿರಿ ಎಂದು. ಬರೆದೆ. ಒಬ್ಬಳು ಹುಡುಗಿ ಬಂದಳು, ಉದ್ದ ಬೂಟು, ಗಿಡ್ಡ ಲಂಗ. ನಾನು ಮಾಡಿದ ಕೇಕನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಎರಡು ಗಂಟೆ ಕೂತು ಕೇಳಿದಳು. ವಾಲ್ಟರ್ ಹೋದಮೇಲೆ ನನ್ನೆದುರು ಎರಡು ಗಂಟೆ ಕೂತವರು ಯಾರೂ ಇಲ್ಲ ಓಲಿವ್. ಹಲ್ಲಿನ ಡಾಕ್ಟರ್ ಕೂಡ ಇಲ್ಲ.

ಒಲೆ ಹೇಳಿದೆ, ಕರೆಗಂಟೆ ಹೇಳಿದೆ, ನಮ್ಮ ಹೆಸರು ಕಿತ್ತುಕೊಂಡದ್ದು ಹೇಳಿದೆ. ಅದನ್ನು ಕೇಳಿ ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ, "ಪ್ರೀತಿ ಗೀತಿ ಏನಾದ್ರೂ ನಡೆದಿತ್ತಾ?" ಎಂದು ಕೇಳಿದಳು. ಆಗ ಹೆರನ್‌ಬಿಯಲ್ಲಿ ಎಲ್ಲರೂ ನಂಬಿದ್ದ ಕಥೆಯನ್ನೇ ಹೇಳಿದೆ: ಎರಡನೇ ಕೆಲಸದವಳಿಗೂ ಚಿಕ್ಕ ಧಣಿ ರೂಪರ್ಟ್‌ಗೂ ಸ್ನೇಹವಾಯಿತು, ಮಗುವಾಯಿತು, ಅವಳನ್ನು ಮಗುವಿನ ಸಮೇತ ಕಳಿಸಿಬಿಟ್ಟರು ಎಂದು. ನಿನ್ನ ಹೆಸರು ಹೇಳಲಿಲ್ಲ. ಊರು ಹೇಳಲಿಲ್ಲ.

ನಿಜ ಏನೆಂದು ನನಗೆ ಗೊತ್ತು, ನಿನಗೆ ಗೊತ್ತು. ಅಮ್ಮಾವ್ರು ನಮ್ಮಿಬ್ಬರ ಕೈಯನ್ನು ಬೈಬಲ್ ಮೇಲೆ ಇಡಿಸಿದ ದಿನದಿಂದ ಇವತ್ತಿನವರೆಗೆ ಆ ನಿಜ ನನ್ನ ಬಾಯಿಂದ ಬಂದಿಲ್ಲ. ಕಟ್ಟಿಕೊಂಡ ವಾಲ್ಟರ್‌ಗೂ ಹೇಳಿಲ್ಲ. ಟಿ.ವಿ.ಯವರಿಗೆ ಹೇಳಿದ್ದು ಹಳೇ ಸುಳ್ಳು. ಎಲ್ಲರಿಗೂ ಗೊತ್ತಿದ್ದ ಸುಳ್ಳಿನಿಂದ ಯಾರಿಗೇನು ತೊಂದರೆ ಎಂದುಕೊಂಡೆ. ತೊಂದರೆಯಾಗಿದ್ದರೆ ಬೈದು ಬರಿ. ಉತ್ತರ ಬರದಿದ್ದರೆ ಇನ್ನೂ ಕಷ್ಟ.

ನಿನ್ನ
ಹೆಟ್ಟಿ


ಕೀತ್ಲಿ
೪ ಫೆಬ್ರವರಿ

ಹೆಟ್ಟಿ,

ಬಯ್ಯುವುದಕ್ಕೂ ತ್ರಾಣ ಬೇಕು. ಎರಡು ವಾರ ಕಾದೆ, ಬರಲಿಲ್ಲ. ಹಾಗಾಗಿ ವಿಷಯವಷ್ಟೇ ಬರೆಯುತ್ತೇನೆ.

ಇದನ್ನು ನಾವಿಬ್ಬರೂ ಯಾವತ್ತೂ ಕಾಗದದ ಮೇಲೆ ಇಟ್ಟಿಲ್ಲ. ಓದಿ ಒಲೆಗೆ ಹಾಕು. ಲೆನ್ ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಅವನನ್ನು ಹೆತ್ತವಳು ಧಣಿಯ ಮಗಳು ಮಿಸ್ ಸಿಸಿಲಿ. ಎದೆನೋವಿಗೆ ಸಮುದ್ರದ ಗಾಳಿ ಬೇಕೆಂದು ನೆಪ ಹೇಳಿ ಅಮ್ಮಾವ್ರು ಅವಳನ್ನೂ ನಮ್ಮಿಬ್ಬರನ್ನೂ ಆ ಬಾಡಿಗೆ ಮನೆಗೆ ಕರೆದುಕೊಂಡು ಹೋದರಲ್ಲ, ಅಲ್ಲಿ ಹುಟ್ಟಿದ. ಅವಳು ಅವನನ್ನು ಮುಟ್ಟಲಿಲ್ಲ. ಹನ್ನೊಂದು ದಿನ ಬಾಟ್ಲಿ ಹಾಲು ಕುಡಿಸಿ ನೋಡಿಕೊಂಡವಳು ನಾನು. ಹನ್ನೆರಡನೇ ದಿನ, ಯಾವುದೋ ಅನಾಥಾಲಯದವರು ಬರುತ್ತಾರೆ ಎಂದರು. ನಾನು ಕೊಡುವುದಿಲ್ಲ ಎಂದೆ. ಇಪ್ಪತ್ತು ವರ್ಷದ ಹುಡುಗಿ, ಅಮ್ಮಾವ್ರ ಎದುರು ಅದೊಂದೇ ಸಲ ಇಲ್ಲ ಎಂದದ್ದು. ಹಾಗಾದರೆ ನಿನ್ನದೇ ಎಂದು ಹೇಳಿಕೊಂಡು ಹೋಗು ಎಂದರು. ಹೋದೆ.

ಇಷ್ಟು ನಿನಗೆ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ಜನನ ಬರೆಸಲು ಕಚೇರಿಗೆ ಹೋದ ದಿನ ನೀನು ಮಿಸ್ ಸಿಸಿಲಿಯ ಹತ್ತಿರ ಇದ್ದೆ. ಅಮ್ಮಾವ್ರು, ಹೆರಿಗೆಯ ಹೊತ್ತಿನಲ್ಲಿ ತಾವೂ ಇದ್ದುದಾಗಿ ಸಾಕ್ಷಿ ಹೇಳಿ, ತಾವೇ ಮುಂದೆ ನಿಂತು ಬರೆಸಿದರು. ಗುಮಾಸ್ತ ತಾಯಿಯ ಹೆಸರು ಕೇಳಿದ. ಅಮ್ಮಾವ್ರು ನನ್ನ ಕಡೆ ತಿರುಗಿ, "ಜೇನ್, ನಿನ್ನ ಮನೆತನದ ಹೆಸರೇನು?" ಎಂದರು. "ಗಾರ್ಸೈಡ್, ಅಮ್ಮಾವ್ರೇ" ಎಂದೆ. ಅವನು ಜೇನ್ ಗಾರ್ಸೈಡ್ ಎಂದು ಬರೆದ. ಎರಡು ವರ್ಷ ಅವರ ಹಾಸಿಗೆ ಹಾಸಿದವಳಿಗೆ ಬೇರೊಂದು ಹೆಸರು ಇರಬಹುದೆಂಬ ಯೋಚನೆಯೇ ಅವರಿಗೆ ಬರಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಅಮ್ಮಾವ್ರನ್ನು ಪರರ ಮುಂದೆ ತಿದ್ದುವುದುಂಟೆ?

ಸೈನ್ಯಕ್ಕೆ ಸೇರುವಾಗ ಲೆನ್ ಆ ಕಾಗದ ನೋಡಿದ. ತಂದೆಯ ಕಡೆ ಖಾಲಿ, ತಾಯಿಯ ಕಡೆ ಜೇನ್. "ಅದೂ ನನ್ನ ಹೆಸರೇ" ಎಂದೆ. ಹದಿನೆಂಟು ವರ್ಷದ ಹುಡುಗ ನನ್ನ ಮುಖ ನೋಡಿ ಕಾಗದ ಮಡಚಿಟ್ಟ. ಮತ್ತೆ ಯಾವತ್ತೂ ಕೇಳಿರಲಿಲ್ಲ.

ಈಗ ಟಿ.ವಿ.ಯಲ್ಲಿ ಜೇನ್ ಎಂದರೆ ಏನೆಂದು ಕಂಡುಕೊಂಡಿದ್ದಾನೆ. ಹೋದ ವಾರ ಆ ಲಿಲಿಗೆ ಚಿಕ್ಕ ಧಣಿಯಿಂದ ಬಸಿರು ನಿಂತಿತಲ್ಲ, ಮಾರನೇ ದಿನ ಬೆಳಿಗ್ಗೆಯೇ ಬಂದ. ನನ್ನ ಕೈ ಹಿಡಿದುಕೊಂಡು, "ಅಮ್ಮ, ನಂಗೆಲ್ಲಾ ಅರ್ಥ ಆಯ್ತು. ನಿಂದೇನೂ ತಪ್ಪಿಲ್ಲ. ಆ ಮನುಷ್ಯ ಇನ್ನೂ ಬದುಕಿದ್ದಾನಲ್ಲ?" ಎಂದ.

ಸರ್ ರೂಪರ್ಟ್ ಬದುಕಿದ್ದಾರೆ. ಈಗ ಹೆರನ್‌ಬಿಗೆ ಟಿಕೆಟ್ ಕೊಟ್ಟು ಒಳಗೆ ಹೋಗಬಹುದು. ಈಸ್ಟರ್ ಸೋಮವಾರ ಬಾಗಿಲು ತೆರೆಯುತ್ತಾರೆ, ಆ ದಿನ ಮುದುಕ ತಾನೇ ಹಾಲ್‌ನಲ್ಲಿ ನಿಂತು ಜನರ ಕೈ ಕುಲುಕುತ್ತಾನಂತೆ. ಲೆನ್ ಹೋಗಿ ಅವನ ಎದುರು ನಿಲ್ಲುತ್ತಾನಂತೆ. ಏನೂ ಕೇಳುವುದಿಲ್ಲ, "ನಾನು ಜೇನ್ ಮಗ" ಎಂದು ಹೇಳಿ ಬರುತ್ತೇನೆ ಅನ್ನುತ್ತಾನೆ.

ನಿಜ ಗೊತ್ತಿರುವ ಆ ಮುದುಕ ಈ ತಪ್ಪನ್ನು ಸುಮ್ಮನೆ ಹೊರುತ್ತಾನಾ? "ನಾನಲ್ಲ, ನನ್ನ ತಂಗಿ" ಅನ್ನುತ್ತಾನೆ. ತಂಗಿ ಕೀನ್ಯಾದಲ್ಲಿ ಸತ್ತು ಎಷ್ಟೋ ವರ್ಷವಾಯಿತು, ಇನ್ನೇನು ಮರ್ಯಾದೆ ಹೋಗಬೇಕು. ನನ್ನ ಮಗ ನನ್ನ ಮಗನಲ್ಲ ಎಂಬುದನ್ನು ಟಿಕೆಟ್ ಕೊಂಡು ಹೋಗಿ ಕೇಳಿಸಿಕೊಂಡು ಬರುತ್ತಾನೆ. ಆಮೇಲೆ ನನಗೆ ಯಾರಿದ್ದಾರೆ, ಹೇಳು.

ಓಲಿವ್


ಬ್ರಿಡ್ಲಿಂಗ್ಟನ್
೧೨ ಫೆಬ್ರವರಿ

ಓಲಿವ್,

ಸುಟ್ಟಿದ್ದೇನೆ. ಆದರೆ ಓದಿದ್ದು ಸುಟ್ಟುಹೋಗುವುದಿಲ್ಲವಲ್ಲ. ಆ ಹುಡುಗಿ ಹೆಸರಿನ ಕಥೆ ಕೇಳಿ ನಕ್ಕಾಗ ನಾನೂ ಜೊತೆಗೆ ನಕ್ಕೆ.

ನೀನೇ ಮೊದಲು ಹೇಳಿಬಿಡು. ಈಸ್ಟರ್‌ಗೆ ಇನ್ನೂ ಆರು ವಾರವಿದೆ. ಬೇಕಾದರೆ ನಾನು ಬರುತ್ತೇನೆ. ಎರಡು ಕಡೆ ಬಸ್ ಬದಲಿಸಬೇಕು, ಮಂಡಿ ಮಡಚುವುದಿಲ್ಲ, ಆದರೂ ಬರುತ್ತೇನೆ. ನೀನು ಅವನನ್ನು ಎತ್ತಿಕೊಂಡದ್ದಕ್ಕೆ ಕಣ್ಣಾರೆ ಕಂಡ ಸಾಕ್ಷಿ ನಾನೊಬ್ಬಳೇ.

ಇನ್ನೊಂದು ಮಾತು. ನೀನು ಎರಡು ಪತ್ರ ಬರೆದೆ, ಎರಡರಲ್ಲೂ ವಾಲ್ಟರ್ ವಿಷಯ ಒಂದಕ್ಷರ ಇಲ್ಲ. ಮೂರು ವರ್ಷದಿಂದ ನನ್ನ ಕಾರ್ಡಿನಲ್ಲಿ ಒಂದೇ ಹೆಸರು ಇರುವುದನ್ನು ನೀನು ನೋಡಿರುತ್ತೀ. ಕೇಳಲಿಲ್ಲ. ಕೇಳುವ ಹಕ್ಕು ನಿನಗೆ ಎಲ್ಲರಿಗಿಂತ ಜಾಸ್ತಿ ಇತ್ತು.

ಅವನು ನಿನ್ನವನಾಗಿದ್ದ. ಹೆರನ್‌ಬಿ ತೋಟದಲ್ಲಿ ಅವನು ಹೂ ಕತ್ತರಿಸಿ ಮೇಲಿನ ಕೋಣೆಗಳಿಗೆ ಕಳಿಸುವಾಗ ನಿನಗೆಂದು ಒಂದು ಹೂವನ್ನು ಬಕೆಟ್ಟಿನ ಅಡಿಯಲ್ಲಿಟ್ಟಿರುತ್ತಿದ್ದ, ತಂದುಕೊಡುತ್ತಿದ್ದವಳು ನಾನು. ನೀನು ಮಗು ಎತ್ತಿಕೊಂಡು ಹೋದಮೇಲೆ ಅವನು ಮೂರು ತಿಂಗಳು ಯಾರ ಜೊತೆಯೂ ಮಾತಾಡಲಿಲ್ಲ. ಎಲ್ಲರಂತೆ ಅವನೂ ನಿನ್ನನ್ನು ಕೆಟ್ಟವಳೆಂದುಕೊಂಡಿದ್ದಾನೆ ಎಂದು ನನಗೆ ಗೊತ್ತಿತ್ತು. ನಾನು ಒಂದು ಮಾತು ಹೇಳಿದ್ದರೆ ಅವನು ಆ ಸಂಜೆಯೇ ರೈಲು ಹತ್ತುತ್ತಿದ್ದ. ಬೈಬಲ್ ಮುಟ್ಟಿದ್ದೇನಲ್ಲ ಎಂದು ಬಾಯಿ ಕಟ್ಟಿಕೊಂಡೆ. ಮೊದಲ ವರ್ಷ ಬೈಬಲ್‌ಗೆ ಹೆದರಿ ಸುಮ್ಮನಿದ್ದೆ. ಎರಡನೇ ವರ್ಷ ಬೈಬಲ್ ಬರಿ ನೆಪವಾಗಿತ್ತು. ೨೪ರಲ್ಲಿ ಮದುವೆಯಾದೆವು.

ನಲವತ್ತೆಂಟು ವರ್ಷ ಅವನ ಜೊತೆ ಬಾಳಿದೆ. ನಮಗೆ ಮಕ್ಕಳಾಗಲಿಲ್ಲ. ಅವನು ಒಳ್ಳೆಯವನು, ಒಂದು ದಿನವೂ ಬಿರುಸಾಗಿ ಮಾತಾಡಲಿಲ್ಲ. ಒಂದೊಂದು ಊಟದ ಹೊತ್ತಿಗೂ ಎದುರಿಗೆ ಅವನ ಮುಖ ನೋಡಿ, ಕದ್ದು ತಂದ ಬಟ್ಟಲಲ್ಲಿ ಉಣ್ಣುತ್ತಿದ್ದೇನೆ ಅನಿಸುತ್ತಿತ್ತು. ಇದನ್ನು ಹೇಳಿ ನಿನ್ನ ಕ್ಷಮೆ ಕೇಳುತ್ತಿಲ್ಲ. ನಿನಗೆ ಈಗ ಅದಕ್ಕೆಲ್ಲ ಪುರಸೊತ್ತಿಲ್ಲ ಎಂದು ಗೊತ್ತು. ಮಗನಿಗೆ ಹೇಳು, ಮೊದಲು ಅದಾಗಲಿ.

ನಿನ್ನ
ಹೆಟ್ಟಿ


ಬ್ರಿಡ್ಲಿಂಗ್ಟನ್
೧೦ ಮಾರ್ಚ್

ಓಲಿವ್,

ತಿಂಗಳಾಗುತ್ತಾ ಬಂತು, ಉತ್ತರವಿಲ್ಲ. ವಾಲ್ಟರ್ ವಿಷಯ ಬರೆಯಬಾರದಿತ್ತೇನೋ.

ನಿನ್ನೆ ಧಾರಾವಾಹಿಯಲ್ಲಿ ಲಿಲಿಯನ್ನು ಹೆರಿಗೆಯಲ್ಲಿ ಸಾಯಿಸಿಬಿಟ್ಟರು, ನೋಡಿದೆಯಾ? ದಿಂಬಿನ ಮೇಲೆ ಕೂದಲು ಹರಡಿಕೊಂಡು ಎಷ್ಟು ಚೆನ್ನಾಗಿ ಸತ್ತಳು. ಪಕ್ಕದ ಮನೆಯವಳು ಗೊಳೋ ಎಂದು ಅತ್ತಳು. ನಾನು, "ಬದುಕೋದು ಇನ್ನೂ ಕಷ್ಟ ಕಣೇ, ಅದನ್ನ ತೋರ್ಸೋಕೆ ಅವರಿಗೆ ಬರಲ್ಲ" ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಹೇಳಿದೆಯಾ?

ಹೆಟ್ಟಿ


ಕೀತ್ಲಿ
೧೮ ಮಾರ್ಚ್

ಹೆಟ್ಟಿ,

ಇಲ್ಲ.

ಎರಡು ಸಲ ಬಾಯಿ ತೆರೆದೆ. ಮೊದಲನೇ ಸಲ ಅವನ ಹೆಂಡತಿ ಬ್ರೆಂಡಾ ಒಳಗೆ ಬಂದಳು. ಎರಡನೇ ಸಲ ಯಾರೂ ಬರಲಿಲ್ಲ, ನನಗೇ ಆಗಲಿಲ್ಲ. "ಲೆನ್, ನೋಡು" ಎಂದವಳು "ಆ ನಲ್ಲಿ ಸೋರ್ತಾ ಇದೆ" ಎಂದೆ. ಪಾಪ, ಎದ್ದು ನಲ್ಲಿ ಬಿಚ್ಚಿ ಕೂತ.

ಈ ತಿಂಗಳ ಮೂರಕ್ಕೆ ಅವನಿಗೆ ಐವತ್ತನಾಲ್ಕು ತುಂಬಿತು. ರೈಲ್ವೆ ಸಿಗ್ನಲ್ ಕೆಲಸದಲ್ಲಿ ರಾತ್ರಿಪಾಳಿ ಮಾಡಿ ಮಾಡಿ ಅವನ ಕಣ್ಣ ಕೆಳಗೆ ಚೀಲ ಬಂದಿದೆ. ಆದರೆ ಇತ್ತೀಚೆಗೆ ನಡೆಯುವಾಗ ಎದೆ ಸ್ವಲ್ಪ ಮುಂದಿರುತ್ತದೆ. ಹೆರನ್‌ಬಿಗೆ ಹೋಗಲು ಹೊಸ ಟೈ ಕೊಂಡಿದ್ದಾನೆ. ಬ್ರೆಂಡಾ ಅವನನ್ನು, "ಏನು ಧಣಿಗಳೇ, ಕಸದ ಡಬ್ಬಿ ಹೊರಗಿಡ್ತೀರಾ?" ಎಂದು ರೇಗಿಸುತ್ತಾಳೆ, ಅವನು ನಗುತ್ತಾನೆ. ಈ ವಯಸ್ಸಿನಲ್ಲಿ ತಂದೆ ಸಿಕ್ಕಿದ ಖುಷಿ. ಅದನ್ನು ಕಿತ್ತುಕೊಂಡು, ಜೊತೆಗೆ ತಾಯಿಯನ್ನೂ ಕಿತ್ತುಕೊಳ್ಳಬೇಕು, ಅದೂ ನನ್ನ ಬಾಯಿಂದಲೇ. ನನಗೆ ಭಯ ಹೆಟ್ಟಿ. ಅವನನ್ನು ಎತ್ತಿಕೊಂಡು ಆ ಮನೆಯಿಂದ ಬಂದ ದಿನವೂ ಇಷ್ಟು ಭಯವಿರಲಿಲ್ಲ. ಆಗ ನನಗೆ ಕಳೆದುಕೊಳ್ಳುವಂಥದ್ದೇನೂ ಇರಲಿಲ್ಲ.

ನೀನು ಬರಬೇಡ. ಬಂದು ಮಾಡುವುದೇನಿಲ್ಲ. ವಾಲ್ಟರ್ ವಿಷಯಕ್ಕೆ ಉತ್ತರ ಬರೆಯಲು ಕೂತರೆ ಕೈ ನಿಂತುಬಿಡುತ್ತದೆ. ಅದನ್ನು ಇನ್ನೊಂದು ದಿನಕ್ಕೆ ಬಿಡು.

ಓಲಿವ್


ಕೀತ್ಲಿ
೨೨ ಮಾರ್ಚ್ ೧೯೭೫

ಶ್ರೀಮತಿ ಮೆಟ್‌ಕಾಫ್ ಅವರಿಗೆ ನಮಸ್ಕಾರಗಳು.

ನಾನು ಓಲಿವ್ ಗಾರ್ಸೈಡ್ ಅವರ ಮಗ. ಅಮ್ಮನ ಮೇಜಿನ ಮೇಲಿದ್ದ ಲಕೋಟೆಯ ಹಿಂದೆ ನಿಮ್ಮ ವಿಳಾಸ ಸಿಕ್ಕಿತು. ಲಕೋಟೆಯೊಳಗಿನದನ್ನು ನಾನು ಓದಿಲ್ಲ, ದಯವಿಟ್ಟು ನಂಬಿ. ನೀವಿಬ್ಬರೂ ಹೆರನ್‌ಬಿಯಲ್ಲಿ ಒಟ್ಟಿಗೆ ಇದ್ದಿರೆಂದು ಅಮ್ಮ ಒಮ್ಮೆ ಹೇಳಿದ್ದರು.

ಈಸ್ಟರ್ ಸೋಮವಾರ ನಾನು ಅಲ್ಲಿಗೆ ಹೋಗುವವನಿದ್ದೇನೆ. ಹೋಗುವ ಮೊದಲು ಒಂದು ಮಾತು ಖಾತ್ರಿ ಮಾಡಿಕೊಳ್ಳಬೇಕು. ಅಮ್ಮನನ್ನು ಕೇಳಿದರೆ ಅವರ ಮುಖ ಬಿಳಿಚಿಕೊಳ್ಳುತ್ತದೆ, ನಾನು ಸುಮ್ಮನಾಗುತ್ತೇನೆ. ಸರ್ ರೂಪರ್ಟ್ ನನ್ನ ತಂದೆಯೇ? ಹೌದು ಅಥವಾ ಇಲ್ಲ, ಒಂದು ಕಾರ್ಡಿನಲ್ಲಿ ಬರೆದರೆ ಸಾಕು. ಆ ಮನುಷ್ಯನಿಂದ ನನಗೇನೂ ಬೇಡ. ಅಮ್ಮ ಇಷ್ಟು ವರ್ಷ ತಲೆ ತಗ್ಗಿಸಿಕೊಂಡು ನಡೆದರು, ಅದು ಒಬ್ಬರದೇ ತಪ್ಪಲ್ಲ ಎಂದು ಯಾರಾದರೂ ಅವನಿಗೆ ಹೇಳಬೇಕಲ್ಲವೇ?

ತಮ್ಮ ವಿಶ್ವಾಸಿ,
ಲಿಯೊನಾರ್ಡ್ ಗಾರ್ಸೈಡ್


ಬ್ರಿಡ್ಲಿಂಗ್ಟನ್
೨೫ ಮಾರ್ಚ್

ಓಲಿವ್,

ಇದರ ಜೊತೆ ನಿನ್ನ ಮಗ ನನಗೆ ಬರೆದ ಪತ್ರ ಇಟ್ಟಿದ್ದೇನೆ. ಓದು. 'ಹೌದು ಅಥವಾ ಇಲ್ಲ, ಒಂದು ಕಾರ್ಡಿನಲ್ಲಿ ಬರೆದರೆ ಸಾಕು.' ಜನವರಿಯಲ್ಲಿ ನೀನು ಬರೆದದ್ದೂ ಇದೇ ಸಾಲು. ಇವನು ನಿನ್ನ ಮಗನಲ್ಲ ಎಂದು ಯಾವ ರೂಪರ್ಟ್ ಬಂದು ಹೇಳಿದರೂ ನಾನಂತೂ ನಂಬುವುದಿಲ್ಲ.

ನಾನು ಅವನಿಗೆ ಉತ್ತರ ಬರೆಯುವುದಿಲ್ಲ. ಒಂದು ಸಲ ಸುಮ್ಮನಿದ್ದು ನಿನ್ನ ಬಾಳು ಕೆಡಿಸಿದೆ, ಒಂದು ಸಲ ಮಾತಾಡಿ ಕೆಡಿಸಿದೆ. ಈ ಸಲ ಸುಳ್ಳನ್ನೂ ಹೇಳುವುದಿಲ್ಲ, ನಿಜವನ್ನೂ ಹೇಳುವುದಿಲ್ಲ. ಅದು ನಿನ್ನದು. ನಿನ್ನ ತಲೆ ತಗ್ಗಿದ್ದಕ್ಕೆ ನ್ಯಾಯ ಕೇಳಲು ಹೊರಟಿದ್ದಾನೆ ಆ ಹುಡುಗ. ಯಾವ ತಪ್ಪಿಗೆ ತಗ್ಗಿತೆಂದು ಅವನಿಗೆ ಗೊತ್ತಿರಬೇಡವೇ?

ಸೋಮವಾರಕ್ಕೆ ಇನ್ನು ಆರೇ ದಿನ.

ಹೆಟ್ಟಿ


ಕೀತ್ಲಿ
೯ ಏಪ್ರಿಲ್

ಹೆಟ್ಟಿ,

ಶುಭ ಶುಕ್ರವಾರ ಹೇಳಿದೆ. ಮಧ್ಯಾಹ್ನ ಒಬ್ಬನೇ ಬಂದಿದ್ದ. ಬನ್ನು ಬಿಸಿ ಮಾಡಿ ಬೆಣ್ಣೆ ಹಚ್ಚಿ ಕೊಟ್ಟೆ. ಅವನು ಅರ್ಧ ತಿನ್ನುವಷ್ಟರಲ್ಲಿ ಶುರು ಮಾಡಿದೆ, ಎಲ್ಲಿ ಮತ್ತೆ ನಲ್ಲಿಯ ವಿಷಯಕ್ಕೆ ಹೋಗುತ್ತೇನೋ ಎಂದು. ಸಮುದ್ರದ ಬದಿಯ ಮನೆ, ಮಿಸ್ ಸಿಸಿಲಿ, ಹನ್ನೊಂದು ದಿನ, ಕಚೇರಿಯ ಗುಮಾಸ್ತ. ಎಲ್ಲವನ್ನೂ ಹೇಳಿದೆ. ಅವನ ತಂದೆ ಯಾರೆಂದು ಸಿಸಿಲಿ ಹೇಳಲಿಲ್ಲ, ಎರಡನೇ ಕೆಲಸದವಳು ಕೇಳುವ ಹಾಗಿರಲಿಲ್ಲ ಎಂಬುದನ್ನೂ ಹೇಳಿದೆ.

ಉಳಿದ ಅರ್ಧ ಬನ್ನನ್ನು ತಟ್ಟೆಗೆ ಹಾಕಿದ. ಎದ್ದು ಹೋಗುತ್ತಾನೆ ಎಂದುಕೊಂಡೆ. ಆಮೇಲೆ ಕೂಗಾಡಿದ. ಲೆನ್ ಕೂಗಾಡಿದ್ದು ನಾನು ಕೇಳಿಯೇ ಇರಲಿಲ್ಲ. "ಇಷ್ಟು ವರ್ಷ ಊರೋರು ನಿನ್ನ ಆಡ್ಕೊಂಡ್ರು, ನಿಂಗೆ ಬಾಯಿ ಇರ್ಲಿಲ್ವಾ? ನಾನೂ ಒಳಗೊಳಗೇ ನಾಚ್ಕೊಂಡಿದ್ದೆ ಅಮ್ಮ, ನಿನ್ ಬಗ್ಗೆ. ನನ್ ಮದುವೇಲಿ ಬ್ರೆಂಡಾ ಕಡೆಯವರು ಏನಂದಾರೋ ಅಂತ ನಿನ್ನ ಎರಡನೇ ಸಾಲಲ್ಲಿ ಕೂರಿಸ್ದೆ. ಮುಂದಿನ ಬೆಂಚು ಖಾಲಿ ಇತ್ತು. ನೀನು ಸುಮ್ನೆ ಹೋಗಿ ಕೂತೆ. ಅದನ್ನ ಈಗ ನಾನೇನು ಮಾಡ್ಲಿ, ಹೇಳು!" ಎಂದು ಮೇಜು ಗುದ್ದಿದ. ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತ. ನರೆತ ತಲೆ. ನಾನು ಅದರ ಮೇಲೆ ಕೈಯಿಟ್ಟೆ, ತೆಗೆಯಲಿಲ್ಲ.

ಹೆರನ್‌ಬಿಗೆ ಹೋಗಲಿಲ್ಲ. ಸೋಮವಾರ ಇಡೀ ದಿನ ತನ್ನ ತೋಟ ಅಗೆಯುತ್ತಿದ್ದನಂತೆ. ಈಗ ದಿನ ಬಿಟ್ಟು ದಿನ ಬರುತ್ತಾನೆ. ಆಚೆ ಮೊನ್ನೆ ಕಿಟಕಿಗೆ ಬಣ್ಣ ಬಳಿದ, ನಿನ್ನೆ ಒಂದು ಹೊಸ ಹೊದಿಕೆ ತಂದ. "ನಾನು ಇನ್ನೂ ಸತ್ತಿಲ್ಲ, ಒಂದಿಷ್ಟು ಸುಮ್ಮನಿರು ಮಾರಾಯ" ಎಂದು ಗದರಿದೆ. ನನ್ನನ್ನು ಬಿಟ್ಟುಹೋಗುತ್ತಾನೆ ಎಂದು ಐವತ್ತನಾಲ್ಕು ವರ್ಷ ಹೆದರಿದ್ದೆ. ಈಗ ಸ್ವಲ್ಪ ಹೊತ್ತಾದರೂ ಹೋಗಲಿ ಅನಿಸುತ್ತದೆ. ಎಷ್ಟು ಹಗುರಾಗಿದ್ದೇನೆ ಎಂದು ಬರೆಯಲು ನನಗೆ ಬರುವುದಿಲ್ಲ.

ನಿನ್ನೆ ಹೊರಡುವಾಗ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದ. "ನೀನು ಮದುವೆ ಆಗ್ಲಿಲ್ವಲ್ಲ, ಅದು ನನ್ನಿಂದಾನಾ?" "ಅಲ್ಲ" ಎಂದೆ. "ಒಬ್ಬನನ್ನ ಕೇಳಿದ್ದೆ, ಅವನು ಬರಲಿಲ್ಲ" ಎಂದೆ. ಅವನಿಗೆ ಹೇಳಿದಮೇಲೆ ನಿನಗೆ ಹೇಳದೆ ಇರಲು ಆಗುವುದಿಲ್ಲ.

ವಾಲ್ಟರ್‌ಗೆ ಗೊತ್ತಿತ್ತು, ಹೆಟ್ಟಿ.

ನನ್ನ ಪೆಟ್ಟಿಗೆ ತರಲು ಹೆರನ್‌ಬಿಗೆ ಬಂದಿದ್ದೆನಲ್ಲ, ಅವತ್ತು ತರಕಾರಿ ತೋಟದ ಸಲಕರಣೆ ಕೊಟ್ಟಿಗೆಯಲ್ಲಿ ಅವನಿಗೆ ಎಲ್ಲವನ್ನೂ ಹೇಳಿದೆ. ಬೈಬಲ್ ಮುಟ್ಟಿ ಒಂದು ವಾರವೂ ಆಗಿರಲಿಲ್ಲ. ಪ್ರಮಾಣ ಮುರಿದವಳು ನಾನು. ನೀನು ಸುಮ್ಮನೆ ಉಳಿಸಿಕೊಂಡು ಬಂದೆ. ಅವನು ನಂಬಿದ. ಒಂದು ಕ್ಷಣವೂ ಅನುಮಾನ ಪಡಲಿಲ್ಲ. "ನಂಬ್ತೀನಿ ಓಲಿವ್. ಆದ್ರೆ ಊರು ನಂಬಲ್ಲ, ಊರಿಗೆ ಹೇಳೋ ಹಾಗೂ ಇಲ್ಲ. ಜೀವಮಾನ ಪೂರ್ತಿ ಆ ಮಗು ನನ್ನದಲ್ಲ ಅಂತ ಜನ ಬೆರಳು ತೋರಿಸ್ತಿದ್ರೆ ತಡ್ಕೊಳ್ಳೋ ಶಕ್ತಿ ನಂಗಿಲ್ಲ" ಎಂದ. ಕೆಟ್ಟವನಲ್ಲ, ಅಂಜುಬುರುಕ. ಆಗ ಅವನಿಗೆ ಇಪ್ಪತ್ತೆರಡು ವರ್ಷ. ನಾನೇ ಅವನಿಂದ ಮಾತು ತೆಗೆದುಕೊಂಡೆ, ಯಾರಿಗೂ ಹೇಳಬೇಡ, ಹೆಟ್ಟಿಗೂ ನಿನಗೆ ಗೊತ್ತೆಂದು ತಿಳಿಯಬಾರದು, ವಿಷಯ ಹೊರಬಿದ್ದರೆ ಅವಳೇ ಹೇಳಿದಳೆಂದು ಅಮ್ಮಾವ್ರು ಅವಳನ್ನು ಕೆಲಸದಿಂದ ತೆಗೆಯುತ್ತಾರೆ ಎಂದು.

ನೀನು ಬಾಯಿ ಬಿಟ್ಟಿದ್ದರೂ ಅವನು ರೈಲು ಹತ್ತುತ್ತಿರಲಿಲ್ಲ. ನೀನು ಅವನನ್ನು ನನ್ನಿಂದ ಕದಿಯಲಿಲ್ಲ. ನೀನು ಹಾಗೆಂದುಕೊಂಡು ಕೊರಗುತ್ತಿರುತ್ತೀ ಎಂದು ನನಗೆ ಮೊದಲಿನಿಂದಲೂ ಊಹೆ ಇತ್ತು. ಕೊರಗಲಿ ಎಂದೇ ಬಿಟ್ಟಿದ್ದೆ. ನಿನ್ನ ಮನೆಯಲ್ಲಿ ಅವನಿದ್ದ, ನನ್ನ ಮನೆಯಲ್ಲಿ ಇರಲಿಲ್ಲ. ಅಷ್ಟು ಕೊರಗಾದರೂ ನಿನಗಿರಲಿ ಎಂದುಕೊಂಡೆ. ಅದು ನನ್ನ ಕೆಟ್ಟ ಬುದ್ಧಿ. ಹೇಳಬೇಕಿತ್ತು.

ನಿನ್ನ
ಓಲಿವ್


ಬ್ರಿಡ್ಲಿಂಗ್ಟನ್
೧೪ ಏಪ್ರಿಲ್

ಓಲಿವ್,

ನಿನ್ನ ಪತ್ರ ಬಂದು ಮೂರು ದಿನವಾಯಿತು. ನಿನ್ನ ಮೇಲೆ ಕೋಪ ಬರಲಿ ಎಂದು ಕಾದೆ, ಬರಲಿಲ್ಲ. ಲೆನ್ ನಿನ್ನ ಹತ್ತಿರವೇ ಉಳಿದನಲ್ಲ, ಅದಕ್ಕೆ ಅತ್ತೆ. ಮೇ ತಿಂಗಳಲ್ಲಿ ಅವನನ್ನೂ ಕರೆದುಕೊಂಡು ಬಾ. ಹಿಂದಿನ ಕೋಣೆ ಖಾಲಿ ಇದೆ.

ಒಂದು ಸಂಗತಿ ನಿನಗೇ ಹೇಳಬೇಕು, ಬೇರೆ ಯಾರಿಗೂ ಅರ್ಥವಾಗುವುದಿಲ್ಲ. ವಾಲ್ಟರ್ ಕೊನೆಗೆ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ಹೆಟ್, ಹೆರನ್‌ಬಿಯಲ್ಲಿದ್ದಾಗಿನ ಒಂದು ವಿಷಯ ನಿಂಗೆ ಹೇಳ್ಬೇಕು" ಎಂದ. ನಿನ್ನ ವಿಷಯ ಕೇಳುತ್ತಾನೆ, ನಾನು ಸಿಕ್ಕಿಬೀಳುತ್ತೇನೆ ಎಂದುಕೊಂಡೆ. "ಈಗ ಬೇಡ, ಆಯಾಸ ಮಾಡ್ಕೋಬೇಡ, ನಾಳೆ ಹೇಳಿದ್ರಾಯ್ತು" ಎಂದು ದಿಂಬು ಸರಿಮಾಡಿದೆ. ಅವನು ಸರಿ ಎಂದು ಗೋಡೆಯ ಕಡೆ ತಿರುಗಿಕೊಂಡ.

ಆಮೇಲೆ ಹದಿನೈದು ದಿನ ಬದುಕಿದ್ದ. ದಿನಾ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಅದೇನೆಂದು ನಾನು ಮತ್ತೆ ಕೇಳಲಿಲ್ಲ.

ನಿನ್ನ
ಹೆಟ್ಟಿ